ಕೆಂಪು ಚಿನ್ನದ ಪಾಠ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹಾಗೆ ಹೇಳಿದಾಗಲೂ ನನಗೆ ಸಿಟ್ಟು ಬರುತ್ತದೆ. ಆದರೆ ಈಗ ಹೇಳಹೊರಟಿರುವುದು ನನ್ನ ನಾದಿನಿಯ ವಿಷಯ. ಅವಳ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಎಲ್ಲಿ ಹೋಗಿ ಅಡಗಿಕೊಳ್ಳುತ್ತದೋ ಗೊತ್ತಿಲ್ಲ, ಹುಡುಕಿದರೂ ಸಿಗುವುದಿಲ್ಲ.

ನಾದಿನಿ ಎಂದರೆ ನನ್ನ ಹೆಂಡತಿಯ ತಂಗಿ. ಚಿಕ್ಕವಳಿದ್ದಾಗ ಒಂದು ಕಡೆ ಕೂರದೆ ಪುರ್ ಎಂದು ಓಡಾಡುತ್ತಿದ್ದಳಂತೆ, ಅದಕ್ಕೆ ಮನೆಯಲ್ಲಿ ಅವಳು ಗುಬ್ಬಿ. ಗುಬ್ಬಿ ಓದಿ ಓದಿ ವಿಜ್ಞಾನಿಯಾದಳು. ಹೆಸರಿನ ಹಿಂದೆ ಡಾಕ್ಟರ್ ಎಂದು ಬಂತು, ಕಣ್ಣಿಗೆ ದಪ್ಪ ಕನ್ನಡಕ ಬಂತು, ಆದರೂ ಮನೆಯಲ್ಲಿ ಗುಬ್ಬಿಯಾಗಿಯೇ ಉಳಿದಳು.

ನಾನು ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ರೋಗಿಯ ರಕ್ತಕ್ಕೆ ದಾನಿಯ ರಕ್ತ ಹೊಂದುತ್ತದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಸಣ್ಣ ಗಾಜಿನ ಟ್ಯೂಬಿನಲ್ಲಿ ಎರಡನ್ನೂ ಬೆರೆಸಿ, ದೀಪದ ಎದುರು ಮೆಲ್ಲಗೆ ಓರೆ ಮಾಡಿ ನೋಡಬೇಕು. ರಕ್ತಕಣಗಳು ಬಿಡಿಬಿಡಿಯಾಗಿ ಹರಿದರೆ ಹೊಂದಿಕೆ. ಗಂಟುಗಂಟಾದರೆ ಆ ರಕ್ತವನ್ನು ಕೊಡುವ ಹಾಗಿಲ್ಲ. ಅರ್ಧ ಆಯುಷ್ಯ ಇದನ್ನೇ ಮಾಡಿದೆ. ಆಮೇಲೆ ಒಂದು ಯಂತ್ರ ಬಂತು. ಅದು ಕಾಫಿಗೆ ಏಳುವುದಿಲ್ಲ, ಸಿಡುಕುವುದಿಲ್ಲ, ರಜೆ ಕೇಳುವುದಿಲ್ಲ. ಯಂತ್ರ ಒಳಗೆ ಬಂತು, ನಾನು ಹೊರಗೆ ಬಂದೆ.

ಮನೆಯಲ್ಲಿ ಕೂತವನಿಗೆ ಎಲ್ಲವೂ ತಪ್ಪಾಗಿಯೇ ಕಾಣುತ್ತದೆ. ಹೆಂಡತಿ ಪಾತ್ರೆ ಜೋಡಿಸುವುದು ತಪ್ಪು, ಮಗಳು ಬಾಗಿಲು ಹಾಕುವುದು ತಪ್ಪು. ಹೀಗೆ ಎಲ್ಲರ ತಲೆ ತಿನ್ನುತ್ತಿದ್ದಾಗ ಗುಬ್ಬಿ ಬಂದು ಹೇಳಿದಳು: "ಭಾವ, ನಮ್ಮ ಲ್ಯಾಬಲ್ಲಿ ಒಬ್ಬರು ಸಹಾಯಕರು ಬೇಕಂತೆ. ಮೂರು ತಿಂಗಳು ನೋಡ್ತಾರೆ. ಕೊನೇಲಿ ನಮ್ಮ ಮುಖ್ಯಸ್ಥೆ ಒಂದು ಪರೀಕ್ಷೆ ಇಡ್ತಾರೆ. ಪಾಸಾದ್ರೆ ಕೆಲಸ ಕಾಯಂ."

"ಪಾಸಾಗದೇ ಇದ್ರೆ?"

"ಮತ್ತೆ ಅಕ್ಕನ ಪಾತ್ರೆ ಜೋಡಿಸ್ತಾ ಕೂರಬಹುದು."

ಹೆಂಡತಿ ಒಳಗಿನಿಂದಲೇ, "ಅದೊಂದು ಬೇಡಪ್ಪಾ" ಎಂದಳು. ನನ್ನ ವಯಸ್ಸಿಗೆ ಇನ್ನೊಬ್ಬರು ಯಾರೂ ಕೆಲಸ ಕೊಡುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಲ್ಯಾಬಿನಲ್ಲಿ ಮಾಡುತ್ತಿದ್ದುದು ಒಂದು ಸಣ್ಣ ಪಟ್ಟಿ. ಎದೆನೋವು ಎಂದು ಬಂದವರ ಒಂದು ತೊಟ್ಟು ರಕ್ತವನ್ನು ಅದರ ಮೇಲೆ ಹಾಕಿದರೆ, ಹೃದಯಕ್ಕೆ ಪೆಟ್ಟು ಬಿದ್ದಿದ್ದರೆ ಕೆಂಪು ಗೆರೆಯೊಂದು ಮೂಡುತ್ತದೆ. ಆ ಕೆಂಪು ಬಣ್ಣವಲ್ಲ, ಚಿನ್ನ ಎಂದಳು ಗುಬ್ಬಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳಾಗಿ ನೀರಿನಲ್ಲಿ ತೇಲಿಸಿಟ್ಟರೆ ಚಿನ್ನ ಕೆಂಪಗಿರುತ್ತದೆ. ಅದನ್ನು ಲ್ಯಾಬಿನಲ್ಲೇ ಕುದಿಸಿ ಮಾಡುತ್ತಾರೆ ಎಂದು ಮನೆಯಲ್ಲಿ ಹೇಳಿದಾಗ ಹೆಂಡತಿ, "ಚಿನ್ನ ಕುದಿಸ್ತಾರಾ? ಹಾಗಾದ್ರೆ ಬರ್ತಾ ಒಂದು ಸರಕ್ಕಾಗೋಷ್ಟು ತನ್ನಿ" ಎಂದಳು. ಇಡೀ ಗಾಜಿನ ಫ್ಲಾಸ್ಕಿನಲ್ಲಿರುವ ಚಿನ್ನ ಅವಳ ಓಲೆಯ ತಿರುಪಿಗೂ ಸಾಲುವುದಿಲ್ಲ ಎಂದೆ. "ಹಾಗಾದ್ರೆ ಅದಕ್ಕೆ ಇಷ್ಟು ಜನ ಯಾಕೆ?" ಎಂದಳು.

ಮೊದಲ ದಿನ ನನಗೆ ದೊಡ್ಡ ಉಪಕರಣಗಳನ್ನು ತೋರಿಸುತ್ತಾರೆ ಎಂದುಕೊಂಡಿದ್ದೆ. ಗುಬ್ಬಿ ಒಂದು ಬಟ್ಟಲು ನೀರು, ಒಂದು ಹೊಲಿಗೆ ಸೂಜಿ ತಂದು ಮುಂದಿಟ್ಟಳು. ಸೂಜಿಯನ್ನು ನೀರಿನ ಮೇಲೆ ಮೆಲ್ಲಗೆ ಮಲಗಿಸಿದಳು. ಅದು ತೇಲಿತು.

"ಯಾಕೆ ತೇಲ್ತಾ ಇದೆ ಭಾವ?"

"ನೀನು ಮಂತ್ರ ಹಾಕಿರ್ಬೇಕು."

"ನೀರಿನ ಒಳಗಿರೋ ಕಣಕ್ಕೆ ಎಲ್ಲಾ ಕಡೆ ನೆಂಟರು. ಮೇಲ್ಗಡೆ ಇರೋದಕ್ಕೆ ತಲೆ ಮೇಲೆ ಯಾರೂ ಇಲ್ಲ. ಅದಕ್ಕೆ ಪಕ್ಕದವರನ್ನ, ಕೆಳಗಿನವರನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ. ಆ ಹಿಡಿತದ ಮೇಲೆ ಸೂಜಿ ಕೂತಿದೆ." ಬೆರಳಿಗೆ ಸೋಪು ಸವರಿಕೊಂಡು ಅಂಚಿನಲ್ಲಿ ನೀರು ಮುಟ್ಟಿದಳು. ಸೂಜಿ ಮುಳುಗಿತು. "ಸೋಪು ಹೋಗಿ ಮಧ್ಯೆ ಕೂತ್ಕೊಳ್ತು. ಹಿಡಿತ ಸಡಿಲ ಆಯ್ತು."

ಆಮೇಲೆ ಸಕ್ಕರೆ ಅಚ್ಚೊಂದನ್ನು ಚಾಕುವಿನಿಂದ ಎರಡು ಮಾಡಿದಳು, ನಾಲ್ಕು ಮಾಡಿದಳು. ಪ್ರತಿ ಸಲ ಕತ್ತರಿಸಿದಾಗಲೂ ಒಳಗಿದ್ದದ್ದು ಹೊರಗೆ ಬರುತ್ತದೆ, ಹೊಸ ಹೊರಮೈ ಹುಟ್ಟುತ್ತದೆ ಎಂದಳು. ಒಡೆಯುತ್ತಾ ಒಡೆಯುತ್ತಾ ನ್ಯಾನೊ ಗಾತ್ರಕ್ಕೆ ಬಂದರೆ ಆ ಪುಡಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಬಹಳ ಮಟ್ಟಿಗೆ ಮೈಯೇ ತೀರ್ಮಾನಿಸುತ್ತದೆ. ಹಾಗಾಗಿ ಎರಡು ವಸ್ತುಗಳು ಒಂದನ್ನೊಂದು ಮುಟ್ಟುವ ಗಡಿಯಲ್ಲಿ ಏನು ನಡೆಯುತ್ತದೆ ಎಂದು ತಿಳಿಯದವನಿಗೆ ನ್ಯಾನೊ ಕೆಲಸ ಒಗ್ಗುವುದಿಲ್ಲ. ಇಷ್ಟನ್ನು ಅವಳು ಶಾಲೆಯ ಮೇಷ್ಟರಂತೆ ಬಿಡಿಸಿ ಬಿಡಿಸಿ ಹೇಳಿದಳು. ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಅರ್ಧ ಆಯುಷ್ಯ ಜನರ ಪ್ರಾಣ ಕಾಯ್ದವನಿಗೆ ಸೂಜಿ, ಸಕ್ಕರೆ ತೋರಿಸುತ್ತಾಳಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಲ್ಯಾಬಿನಲ್ಲಿ ಅವಳನ್ನು ಮೇಡಂ ಎನ್ನಬೇಕು ಎಂದು ನಾನೇ ತೀರ್ಮಾನಿಸಿದ್ದೆ. ಎರಡನೇ ದಿನವೇ ಎಲ್ಲರ ಎದುರು "ಗುಬ್ಬಿ, ಆ ಬೀಕರ್ ಕೊಡು" ಎಂದುಬಿಟ್ಟೆ. ಅಂದಿನಿಂದ ಇಡೀ ಲ್ಯಾಬಿಗೆ ಅವಳು ಗುಬ್ಬಿ ಮೇಡಂ ಆದಳು. ಅವಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು, ಅಷ್ಟೇ.

ಚಿನ್ನ ಕುದಿಸುವುದು ಮಾತ್ರ ಮೊದಲ ನೋಟಕ್ಕೇ ಹಿಡಿಸಿತು. ಚಿನ್ನದ ಉಪ್ಪು ಕರಗಿಸಿದ ತಿಳಿಹಳದಿ ನೀರು ಕುದಿಯುತ್ತಿರುವಾಗ ಸಿಟ್ರೇಟ್ ಎಂಬ ಇನ್ನೊಂದು ಉಪ್ಪಿನ ನೀರನ್ನು ಒಮ್ಮೆಗೇ ಸುರಿಯಬೇಕು. ಹಳದಿ ಮಾಯವಾಗುತ್ತದೆ. ಮಬ್ಬು ಬೂದು ಬರುತ್ತದೆ, ಕೆಟ್ಟುಹೋಯಿತೇನೋ ಎನ್ನಿಸುತ್ತದೆ. ಅಷ್ಟರಲ್ಲಿ ನೇರಳೆ, ಅದರ ಬೆನ್ನಿಗೇ ಮಾಣಿಕ್ಯದ ಕೆಂಪು. ಸಿಟ್ರೇಟ್ ಪ್ರತಿ ಕಣದ ಮೈಗೂ ಅಂಟಿಕೊಂಡು ಋಣ ವಿದ್ಯುತ್ತು ಕೊಡುತ್ತದೆ, ಎಲ್ಲ ಕಣಗಳದ್ದೂ ಒಂದೇ ವಿದ್ಯುತ್ತಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಆ ದೂರ ಇರುವ ತನಕ ಕೆಂಪು ಎಂದು ಗುಬ್ಬಿ ಹೇಳಿದಳು. ನಾನು ಹೂಂಗುಟ್ಟಿದೆ. ಕೈ ಕಲಿಯಿತು, ತಲೆಗೆ ಹೋಗಲಿಲ್ಲ. ಬ್ಲಡ್ ಬ್ಯಾಂಕಿನಲ್ಲಿ ನಮಗೆ ಯಾರೂ ಯಾಕೆ ಎಂದು ಹೇಳಿದವರಲ್ಲ. ಹೀಗೆ ಮಾಡು ಎಂದರು, ಹಾಗೆ ಮಾಡಿದೆವು.

ಹೀಗಿರುವಾಗ ಗುಬ್ಬಿ ಯಾವುದೋ ಸಭೆಗೆಂದು ಬೇರೆ ಊರಿಗೆ ಹೋದಳು. ಹೋಗುವ ಮುಂಚೆ ಅವಳು ಕಷ್ಟಪಟ್ಟು ಚಿನ್ನದ ಕಣಗಳಿಗೆ ಆಂಟಿಬಾಡಿ ಅಂಟಿಸಿಟ್ಟಿದ್ದಳು. ಪಟ್ಟಿಯ ಮೇಲೆ ರೋಗವನ್ನು ಗುರುತು ಹಿಡಿಯುವುದು ಅದೇ. ಆ ಆಂಟಿಬಾಡಿ ಸುಲಭಕ್ಕೆ ಸಿಗುವಂಥದ್ದಲ್ಲ, ಇದ್ದದ್ದಷ್ಟನ್ನೂ ಅದಕ್ಕೇ ಬಳಸಿದ್ದಳು. ಮೇಜು ಒರೆಸುವಾಗ ನೋಡಿದೆ: ಆಂಟಿಬಾಡಿ ಎಂದು ಬರೆದ ಟ್ಯೂಬುಗಳು ಹಾಲು ಇಡುವಂಥ ಸಾದಾ ಫ್ರಿಜ್ಜಿನಲ್ಲಿವೆ. ನನಗೆ ಜೀವವೇ ಹೋದಂತಾಯಿತು. ನಮ್ಮ ಬ್ಲಡ್ ಬ್ಯಾಂಕಿನಲ್ಲಿ ಆಂಟಿಬಾಡಿ ಇರುವ ಸೀರಮ್ಮನ್ನು, ಎಂದರೆ ಕಣ ತೆಗೆದ ರಕ್ತದ ತಿಳಿಯನ್ನು, ಬಹಳ ದಿನ ಇಡಬೇಕೆಂದರೆ ಡೀಪ್ ಫ್ರೀಜರಿಗೇ ಹಾಕಬೇಕು, ಹೊರಗೆ ಬಿಟ್ಟವನ ಗತಿ ಮುಗಿಯಿತು. ಅವಸರದಲ್ಲಿ ಮರೆತಿದ್ದಾಳೆ ಎಂದುಕೊಂಡು ಎಲ್ಲವನ್ನೂ ಜೋಪಾನವಾಗಿ ಎತ್ತಿ ಫ್ರೀಜರಿನಲ್ಲಿಟ್ಟೆ. ಮನೆಗೆ ಬಂದು ಹೆಂಡತಿಗೆ, "ನಾನಿಲ್ಲದಿದ್ರೆ ಇವತ್ತು ನಿನ್ನ ತಂಗಿ ಕೆಲಸ ನೀರಲ್ಲಿ ಹೋಗ್ತಿತ್ತು" ಎಂದು ಕೊಚ್ಚಿಕೊಂಡೆ.

ಗುಬ್ಬಿ ವಾಪಸ್ಸು ಬಂದ ಬೆಳಿಗ್ಗೆ ನಾನೇ ಹೆಮ್ಮೆಯಿಂದ ಟ್ಯೂಬುಗಳನ್ನು ಹೊರಗೆ ತೆಗೆದೆ. ಮಂಜು ಕರಗಿತು. ಕೆಂಪು ಬರಲಿಲ್ಲ. ತಿಳಿನೀರು, ತಳದಲ್ಲಿ ಕಪ್ಪು ಧೂಳು. ಕುಲುಕಿದೆ. ಇನ್ನೂ ಜೋರಾಗಿ ಕುಲುಕಿದೆ. ಧೂಳು ಎದ್ದು ಮತ್ತೆ ತಳಕ್ಕೇ ಇಳಿಯಿತು. ಗುಬ್ಬಿ ನನ್ನ ಕೈಯಿಂದ ಟ್ಯೂಬು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು, ಅವಳು ಬೈಯಲಿಲ್ಲ. ಪಕ್ಕದ ಮೇಜಿನ ಸಂಶೋಧಕ "ಪಾಪ, ವಯಸ್ಸಾದವರು" ಎಂದು ಮೆತ್ತಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

"ನಾಳೆಯಿಂದ ನಾನು ಬರಲ್ಲ" ಎಂದೆ.

"ಬರದೇ ಇದ್ರೆ ಇದು ಯಾಕೆ ಹೀಗಾಯ್ತು ಅಂತ ನಿಮಗೆ ಯಾವತ್ತೂ ಗೊತ್ತಾಗಲ್ಲ. ಕೂತ್ಕೊಳ್ಳಿ." ಸ್ಟೂಲು ಎಳೆದು ಕೊಟ್ಟಳು. "ಬ್ಲಡ್ ಬ್ಯಾಂಕಲ್ಲಿ ರಕ್ತದ ಚೀಲನ ಹಾಗೇ ಫ್ರೀಜರಿಗೆ ಹಾಕ್ತಿದ್ರಾ?"

"ಛೇ. ಕಣ ಒಡೆದುಹೋಗುತ್ತೆ. ಕಣ ಬೇರೆ ಮಾಡಿ ಪ್ಲಾಸ್ಮಾ ಮಾತ್ರ ಹಾಕೋದು."

"ಇದು ಪ್ಲಾಸ್ಮಾ ಥರಾನಾ, ರಕ್ತದ ಥರಾನಾ?"

ಚೀಟಿಯಲ್ಲಿ ಆಂಟಿಬಾಡಿ ಎಂದು ಓದಿದ್ದೆನೇ ಹೊರತು ಟ್ಯೂಬಿನಲ್ಲಿ ಕಣಗಳಿವೆ ಎಂಬುದನ್ನು ಯೋಚಿಸಿಯೇ ಇರಲಿಲ್ಲ. ನೀರು ಮಂಜಾಗುವಾಗ ತನ್ನೊಳಗೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ ಎಂದು ಗುಬ್ಬಿ ವಿವರಿಸಿದಳು. ಚಿನ್ನದ ಕಣಗಳನ್ನೂ ಉಪ್ಪನ್ನೂ ಉಳಿದ ಒಂದಿಷ್ಟು ಜಾಗಕ್ಕೆ ಒತ್ತರಿಸುತ್ತದೆ. ತುಂಬಿದ ಬಸ್ಸಿನಂತೆ ಕಣಗಳು ಮೈಗೆ ಮೈ ತಾಗಿ ನಿಲ್ಲುತ್ತವೆ. ಒಂದನ್ನೊಂದು ತಳ್ಳುವ ಶಕ್ತಿಯನ್ನು ದಾಟಿ ಅಷ್ಟು ಹತ್ತಿರ ಬಂದ ಮೇಲೆ ಸೆಳೆತದ್ದೇ ಕೈ ಮೇಲಾಗುತ್ತದೆ, ಅಂಟಿಕೊಂಡುಬಿಡುತ್ತವೆ. ಮಂಜು ಕರಗಿದರೂ ಅವು ಮತ್ತೆ ಬಿಡಿಯಾಗುವುದಿಲ್ಲ.

"ನಿಮ್ಮ ರಕ್ತಕಣಗಳೂ ಹಾಗೇ ಭಾವ" ಎಂದಳು. "ಅವುಗಳ ಮೈ ಮೇಲೂ ಋಣ ವಿದ್ಯುತ್ತು ಇದೆ. ಅದಕ್ಕೇ ಟ್ಯೂಬಲ್ಲಿ ಬಿಡಿಬಿಡಿಯಾಗಿ ಹರಿಯೋದು. ಆಂಟಿಬಾಡಿ ಬಂದು ಒಂದಕ್ಕೊಂದು ಕಟ್ಟಿ ಹಾಕಿದ್ರೆ ಗಂಟಾಗೋದು. ನೀವು ಇಷ್ಟು ವರ್ಷ ಮಾಡಿದ್ದು ಇದೇ ವಿಜ್ಞಾನ. ಹೆಸರು ಯಾರೂ ಹೇಳಿರಲಿಲ್ಲ, ಅಷ್ಟೇ."

ಆ ಮಾತು ನನಗೆ ಎಷ್ಟು ದೊಡ್ಡದಾಗಿತ್ತು ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಯಂತ್ರ ಬಂದ ದಿನದಿಂದ, ನಾನು ಕಲಿತದ್ದೆಲ್ಲ ಕಸಕ್ಕೆ ಸಮ ಎಂದು ನನ್ನಷ್ಟಕ್ಕೆ ನಾನು ತೀರ್ಮಾನಿಸಿಕೊಂಡಿದ್ದೆ. ಅದನ್ನು ಅವಳು ಎತ್ತಿ, ಒರೆಸಿ, ಮತ್ತೆ ನನ್ನ ಕೈಗಿಟ್ಟಳು. ತನ್ನ ಇಡೀ ಶ್ರಮ ಕಪ್ಪು ಧೂಳಾಗಿ ಮುಂದಿದ್ದ ಹೊತ್ತಿನಲ್ಲಿ ಅವಳು ಈ ಕೆಲಸ ಮಾಡಿದಳು. ಮೂಗು ಸೀಟುವ ನೆಪ ಮಾಡಿಕೊಂಡು ಹೊರಗೆ ಹೋಗಿ ಬಂದೆ.

ಬಂದವನೇ ಒಂದು ಪ್ರಶ್ನೆ ಕೇಳಿದೆ. ಅಲ್ಲಿಗೆ ಸೇರಿದ ಮೇಲೆ ನಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. "ಬ್ಲಡ್ ಬ್ಯಾಂಕಲ್ಲಿ ಕಣಗಳು ಗಂಟಾಗೋದಕ್ಕೆ ಹಠ ಮಾಡಿದ್ರೆ ಅಲ್ಬುಮಿನ್ ಅನ್ನೋ ಪ್ರೋಟೀನು ಹಾಕ್ತಿದ್ವಿ, ಆಗ ಗಂಟಾಗ್ತಿತ್ತು. ಇಲ್ಲಿ ನೀನು ಗಂಟಾಗಬಾರದು ಅಂತ ಅದೇ ಅಲ್ಬುಮಿನ್ ಹಾಕ್ತೀಯ. ಒಂದೇ ವಸ್ತು ಎರಡು ಕಡೇನೂ ಹೇಗೆ ಆಡುತ್ತೆ?"

ಗುಬ್ಬಿಯ ಕಣ್ಣು ಅರಳಿತು. ಒಂದು ಕ್ಷಣ ಕಪ್ಪು ಧೂಳು ಮರೆತೇಹೋದಂತಿತ್ತು. "ಎಲ್ಲಿ ಹೋಗಿ ಕೂರುತ್ತೆ ಅನ್ನೋದರ ಮೇಲೆ ಭಾವ. ಅಲ್ಲಿ ಅದು ಸುತ್ತಲಿನ ನೀರಲ್ಲೇ ಉಳಿಯುತ್ತೆ, ತಳ್ಳಾಟದ ಬಿಸಿ ಕಮ್ಮಿ ಮಾಡುತ್ತೆ. ಕಣಗಳು ಹತ್ತಿರ ಬರ್ತವೆ. ಇಲ್ಲಿ ಅದು ಚಿನ್ನದ ಮೈಗೇ ಅಂಟ್ಕೊಳ್ಳುತ್ತೆ, ದಪ್ಪ ಕೋಟು ಹಾಕಿದ ಹಾಗೆ. ಒಳಗಿನ ಮೈ ಇನ್ನೊಂದರ ಮೈಗೆ ತಾಗೋದೇ ಇಲ್ಲ." ಆಮೇಲೆ, "ಇದನ್ನ ನನ್ನ ವಿದ್ಯಾರ್ಥಿಗಳು ಯಾರೂ ಕೇಳಿಲ್ಲ. ಅವರು ರಕ್ತ ನೋಡಿಲ್ವಲ್ಲ" ಎಂದಳು.

ಅದೇ ಮಧ್ಯಾಹ್ನ ಗುಬ್ಬಿ ಮುಖ್ಯಸ್ಥೆಯ ಹತ್ತಿರ ಹೋಗಿ ನಡೆದದ್ದೆಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು, ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು. ಏನನ್ನೂ ಮುಚ್ಚಲಿಲ್ಲ, ಸಬೂಬು ಹೇಳಲಿಲ್ಲ. ಮುಖ್ಯಸ್ಥೆ ಮಾತು ಕಮ್ಮಿ ಆಡುವ ಹೆಂಗಸು. ಕೇಳಿಸಿಕೊಂಡು, "ಪರೀಕ್ಷೆಯ ದಿನ ನೋಡೋಣ" ಎಂದರು. ಆ ಧಾಟಿ ನೋಡಿ ನನಗೆ ಕೆಲಸ ಹೋದಂತೆಯೇ ಅನ್ನಿಸಿತು.

ಆಮೇಲೆ ನಾನು ಕಲಿತೆ. ಹಿಂದೆಂದೂ ಹೀಗೆ ಕಲಿತಿರಲಿಲ್ಲ. ಉಪ್ಪು ಹಾಕಿದರೆ ಕೆಂಪು ಚಿನ್ನ ಯಾಕೆ ನೀಲಿಯಾಗುತ್ತದೆ, ಫ್ಲಾಸ್ಕನ್ನು ಬರೀ ನಲ್ಲಿ ನೀರಿನಲ್ಲಿ ಯಾಕೆ ತೊಳೆದು ಬಿಡಬಾರದು, ಹಾಲು ಯಾಕೆ ಬೆಳ್ಳಗಿರುತ್ತದೆ, ನೊರೆ ಯಾಕೆ ಸಾಯುತ್ತದೆ. ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಡತಿಗೆ ಸೋಪಿನ ಕಣದ ತಲೆ ಯಾವುದು, ಬಾಲ ಯಾವುದು, ಜಿಡ್ಡನ್ನು ಯಾವುದು ಹಿಡಿಯುತ್ತದೆ ಎಂದು ಹೇಳುತ್ತಿದ್ದೆ. "ತಿಳಿದವರೇ ಬಂದು ತೊಳೀಬಹುದಲ್ಲ" ಎನ್ನುತ್ತಿದ್ದಳು. ತೊಳೆಯುತ್ತಿದ್ದೆ. ಗುಬ್ಬಿ ಮತ್ತೆ ಆಂಟಿಬಾಡಿ ತರಿಸಿಕೊಂಡು, ಕಳೆದುಕೊಂಡದ್ದನ್ನೆಲ್ಲ ಮೊದಲಿನಿಂದ ಮಾಡುತ್ತಿದ್ದಳು. ಈ ಸಲ ನಾನು ಅವಳ ಪಕ್ಕದಲ್ಲಿ ನಿಂತು ಮಾಡಿದೆ. ಒಂದು ದಿನವೂ ಅವಳು ಹಳೆಯದನ್ನು ಎತ್ತಿ ಆಡಲಿಲ್ಲ.

ಪರೀಕ್ಷೆಯ ದಿನ ಗುಬ್ಬಿಗೆ ಒಳಗೆ ಬರಲು ಅವಕಾಶವಿರಲಿಲ್ಲ. ಮುಖ್ಯಸ್ಥೆ ನನ್ನ ಮುಂದೆ ಒಂದು ಪುಟ್ಟ ಬಾಟಲಿ ಇಟ್ಟರು. ಅದರ ಮೇಲೆ ಹೆಸರೇ ಇರಲಿಲ್ಲ. "ಇದೊಂದು ಪ್ರೋಟೀನು. ಚಿನ್ನ ನೀವೇ ಮಾಡ್ಕೊಳ್ಳಿ. ಅದನ್ನ ಗಂಟಾಗದ ಹಾಗೆ ಕಾಪಾಡೋಕೆ ಈ ಪ್ರೋಟೀನು ಕನಿಷ್ಠ ಎಷ್ಟು ಬೇಕು ಹೇಳಿ. ನಾನು ಮಧ್ಯೆ ಮಧ್ಯೆ ಯಾಕೆ ಅಂತ ಕೇಳ್ತೀನಿ." ಹಿಂದಿನವರಿಗೆಲ್ಲ ಹೆಸರು, ಅಳತೆ ಎರಡನ್ನೂ ಬರೆದು ಕೊಟ್ಟಿದ್ದರು ಎಂದು ಕೇಳಿದ್ದೆ. ಫ್ರೀಜರಿನ ಸಿಟ್ಟು ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಚಿನ್ನ ಕುದಿಸಿದೆ, ಕೆಂಪಾಯಿತು. ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸಿ ಕೆಂಪನ್ನು ಸಮನಾಗಿ ಹಂಚಿದೆ. ಮೊದಲನೆಯದಕ್ಕೆ ಪ್ರೋಟೀನು ಇಲ್ಲ, ಎರಡನೆಯದಕ್ಕೆ ಚೂರು, ಮುಂದಕ್ಕೆ ಹೋದಂತೆ ಹೆಚ್ಚು. ಕೊನೆಗೆ ಎಲ್ಲದಕ್ಕೂ ಉಪ್ಪುನೀರು. ಸಾಲಿನ ಎಡಗಡೆ ನೋಡನೋಡುತ್ತಿದ್ದಂತೆ ನೀಲಿಯಾಯಿತು, ಬಲಗಡೆ ಕೆಂಪು ಉಳಿಯಿತು. ಅವರು ಯಾಕೆ ಎಂದರು. ಉಪ್ಪು ಕಣಗಳ ಸುತ್ತಲಿನ ವಿದ್ಯುತ್ತಿನ ಹೊದಿಕೆಯನ್ನು ಕುಗ್ಗಿಸುತ್ತದೆ, ತಳ್ಳುವ ದೂರ ಕಮ್ಮಿಯಾಗುತ್ತದೆ, ಬರಿಮೈಯವು ಅಂಟಿಕೊಳ್ಳುತ್ತವೆ, ಪ್ರೋಟೀನಿನ ಕೋಟು ಇರುವವು ಬಚಾವಾಗುತ್ತವೆ ಎಂದೆ. ನಾಲಿಗೆ ತೊದಲಲಿಲ್ಲ. ನನಗೇ ಆಶ್ಚರ್ಯವಾಯಿತು.

ನಡುವಿನ ಒಂದು ಟ್ಯೂಬು ಮಾತ್ರ ತೊಂದರೆ ಕೊಟ್ಟಿತು. ಕೆಂಪೂ ಅಲ್ಲ, ನೀಲಿಯೂ ಅಲ್ಲ. ದೀಪದ ಎದುರು ಓರೆ ಮಾಡಿ ನೋಡಿದೆ.

"ಇದು ಸಾಕಾ, ಸಾಲದಾ?" ಮುಖ್ಯಸ್ಥೆ ಕೇಳಿದರು.

"ಗೊತ್ತಿಲ್ಲ. ನಾಳೆ ಬೆಳಿಗ್ಗೆ ಹೇಳ್ತೀನಿ."

"ಪರೀಕ್ಷೆ ಇವತ್ತು ಮುಗಿಯುತ್ತೆ."

ಸಾಕು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಅದು ನನಗೆ ಗೊತ್ತಿತ್ತು. ಆದರೆ ಅನುಮಾನ ಇರುವ ಟ್ಯೂಬಿಗೆ ನಾನು ಯಾವತ್ತೂ ಹೊಂದಿಕೆ ಎಂದು ಬರೆದವನಲ್ಲ. "ಇವತ್ತೇ ಬೇಕು ಅಂದ್ರೆ ಇದರ ಮುಂದಿನ ಟ್ಯೂಬಿನ ಅಳತೆ ತಗೊಳ್ಳಿ, ಅದು ಖಂಡಿತ ಕೆಂಪು. ಇದರಲ್ಲಿ ಕೋಟು ಅಲ್ಲಲ್ಲಿ ಹರಿದಿರಬಹುದು. ಡಿಕ್ಕಿ ಹೊಡೆದಾಗಲೆಲ್ಲ ಅಂಟಲ್ಲ, ಯಾವಾಗಲೋ ಒಂದು ಸಲ ಅಂಟುತ್ತೆ. ನಿಧಾನಕ್ಕೆ ಕೆಡುತ್ತೆ. ನೋಡದೆ ಹೇಳಲ್ಲ" ಎಂದೆ. ದನಿ ಸ್ವಲ್ಪ ಏರಿತ್ತು. ಹೇಳಿದೆನಲ್ಲ, ಸಿಟ್ಟು ಮೂಗಿನ ತುದಿಯಲ್ಲೇ. ಅವರು ಎದ್ದು ಹೋದರು.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವರು ಆ ಟ್ಯೂಬನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ತಳದಲ್ಲಿ ತೆಳ್ಳಗೆ ಕಪ್ಪು ಕೂತಿತ್ತು. "ಸಾಲದು" ಎಂದೆ. "ಸಾಲದು" ಎಂದರು. ಆಮೇಲೆ, "ಕೆಲಸಕ್ಕೆ ಸೇರ್ಕೊಳ್ಳಿ" ಎಂದರು. ನಾನು ಕೈ ಮುಗಿದೆ. ಅವರು ಹೊರಟವರು ನಿಂತು, "ನಿಮ್ಮ ನಾದಿನಿ ನನ್ನ ಹತ್ರ ಬಂದು ಒಂದು ಮಾತು ಕೇಳ್ಕೊಂಡಿದ್ರು" ಎಂದರು.

ನನ್ನ ಮುಖ ಸಣ್ಣದಾಯಿತು. ಶಿಫಾರಸು. ಅಂದರೆ ಇದು ನನ್ನ ಕೆಲಸವಲ್ಲ, ಅವಳ ದಯೆ.

"ಭಾವನಿಗೆ ಸುಲಭದ ಪರೀಕ್ಷೆ ಕೊಡಬೇಡಿ, ಬೇರೆಯವರಿಗೆ ಕೊಡೋದಕ್ಕಿಂತ ಕಷ್ಟದ್ದು ಕೊಡಿ ಅಂದ್ರು. ಅದಕ್ಕೇ ಹೆಸರಿಲ್ಲದ ಬಾಟಲಿ."

ನೇರ ಗುಬ್ಬಿಯ ಮೇಜಿಗೆ ಹೋದೆ. "ನನ್ನನ್ನ ಫೇಲ್ ಮಾಡಿಸೋಕೆ ಹೊರಟಿದ್ಯಾ?"

ಅವಳು ಕನ್ನಡಕ ತೆಗೆದಳು. "ಫ್ರೀಜರ್ ವಿಷಯ ಆದಮೇಲೆ ಎಲ್ಲರೂ ಪಾಪ, ಪಾಪ ಅಂತಿದ್ರು ಭಾವ. ಸುಲಭದ್ದು ಏನೋ ಒಂದು ಕೊಟ್ಟು ಇಟ್ಕೊಳ್ಳೋಣ ಅಂತ ಮಾತಾಗ್ತಿತ್ತು. ಪಾಪ ಅಂತ ಕೊಟ್ಟ ಕುರ್ಚೀಲಿ ನೀವು ಕೂರ್ತಿದ್ರಾ?"

ಕೂರುತ್ತಿರಲಿಲ್ಲ. ಗೊತ್ತಾದ ದಿನವೇ ಎದ್ದು ಬರುತ್ತಿದ್ದೆ, ಹೋಗಲು ಇನ್ನೊಂದು ಜಾಗವಿಲ್ಲದಿದ್ದರೂ. ನನಗಿಂತ ಚೆನ್ನಾಗಿ ಅವಳಿಗೆ ಅದು ಗೊತ್ತಿತ್ತು. ಅವಳ ತಲೆಯ ಮೇಲೆ ಕೈಯಿಟ್ಟೆ, ಅಷ್ಟೇ ಆದದ್ದು.

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಖುಷಿಯಿಂದ ಕೇಳುತ್ತಿದ್ದವಳು ಕಷ್ಟದ ಪರೀಕ್ಷೆಯ ಮಾತು ಬಂದೊಡನೆ ಬಡಿಸುವುದನ್ನು ನಿಲ್ಲಿಸಿದಳು.

"ನನಗೆ ಗೊತ್ತಿತ್ತು" ಎಂದಳು. "ನಾನು ಅವಳ ಕೈ ಹಿಡ್ಕೊಂಡು ಕೇಳಿದ್ದೆ, ಸುಲಭದ್ದೇ ಕೊಡಿಸು, ಹೇಗಾದ್ರೂ ಪಾಸು ಮಾಡಿಸು ಅಂತ. ಅವಳು ಆಗಲ್ಲ ಅಂದ್ಲು. ಆಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನನಗೆ ನಿಮ್ಮ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಅವಳಿಗೆ ಇತ್ತು."

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ತಟ್ಟೆ ಬಿಟ್ಟು ಏಳುತ್ತಿದ್ದೆನೇನೋ. ಅಂದು ಸಿಟ್ಟು ಬರಲಿಲ್ಲ. ನನ್ನ ಕೆಲಸಕ್ಕಾಗಿ ತಂಗಿಯ ಕೈ ಹಿಡಿದವಳು ಇವಳು. ಅಕ್ಕನ ಮಾತು ಮುರಿದು, ಅಕ್ಕನ ಮುನಿಸನ್ನು ನುಂಗಿಕೊಂಡು ನನ್ನ ಮಾನ ಉಳಿಸಿದವಳು ಅವಳು. ಇಬ್ಬರೂ ನನಗಾಗಿಯೇ ಮಾಡಿದರು. ಇಷ್ಟಕ್ಕೆ ನಾನು ಏನು ಮಾಡಿದ್ದೆ ಎಂದು ಯೋಚಿಸಿದೆ.

ಫೋನು ತೆಗೆದು ಗುಬ್ಬಿಗೆ ಮಾಡಿದೆ. "ಊಟ ಆಯ್ತಾ?" ಎಂದೆ. ಇಲ್ಲ ಎಂದಳು. "ಹಾಗಾದ್ರೆ ಇಲ್ಲಿಗೆ ಬಾ. ನಿನ್ನ ಅಕ್ಕ ಕಾಯ್ತಿದ್ದಾಳೆ" ಎಂದು ಹೇಳಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಸೌಟು ಕೆಳಗಿಟ್ಟಳು. ಆಮೇಲೆ ಹೆಂಡತಿ, "ಬಾರೇ, ಬಿಸಿ ಇರುವಾಗಲೇ ಬಾ" ಎಂದಳು. ನಾನು ಎದ್ದು ಗುಬ್ಬಿಗೆಂದು ಇನ್ನೊಂದು ತಟ್ಟೆ ಹಾಕಿದೆ.